ಭಾನುವಾರದ ಸೈಕಲ್ ಗುಂಪು: ಆರು ಜನ, ಎರಡು ಥರದ ವಾಲ್ವ್

ನಮಸ್ಕಾರ. ಬೆಳಗ್ಗೆ ಏಳು ಗಂಟೆ, ಪಾರ್ಕಿನ ಗೇಟು. ಗಾಳಿ ಎಷ್ಟು ಜೋರಾಗಿತ್ತೆಂದರೆ ನಾನು ಅಲ್ಲಿ ಮಾತಾಡಿದ್ದು ಒಂದೂ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ಈ ವಿಡಿಯೋಗೆ ಧ್ವನಿ ಸೇರಿಸುತ್ತಿದ್ದೇನೆ. ಈಗ ಕಾಣಿಸುತ್ತಿದ್ದಾರಲ್ಲ, ಹಸಿರು ಜಾಕೆಟ್‌ನವರು, ಮೊದಲ ವಾರ ಬಂದದ್ದು ಅವರೊಬ್ಬರೇ. ಇವತ್ತು ನಾಲ್ಕನೇ ಭಾನುವಾರ. ಆರು ಜನ ಆಗಿದ್ದೇವೆ!

ಈ ದೇಶಕ್ಕೆ ಬಂದು ಒಂದು ವರ್ಷ ಆಯಿತು. ಆಫೀಸಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಾರೆ. ಆದರೆ ಶುಕ್ರವಾರ ಸಂಜೆ ಮನೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಮಾತಿಗೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ನನಗೆ ಅದು ತಡೆಯಲಾಗಲಿಲ್ಲ. ಹೇಗೂ ಸೈಕಲ್ ಇತ್ತು, ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದೆ. ನೀವು ಯಾರಾದರೂ ಹೀಗೆ ಗುಂಪು ಶುರು ಮಾಡುವುದಾದರೆ ಸುಮ್ನೆ 'ನಿಧಾನವಾಗಿ ಹೋಗುತ್ತೇವೆ' ಅಂತ ಬರೆಯಬೇಡಿ. ಒಬ್ಬರ ನಿಧಾನ ಇನ್ನೊಬ್ಬರಿಗೆ ಓಟ. ಗಂಟೆಗೆ 15 ಕಿಲೋಮೀಟರ್, ಒಟ್ಟು 20 ಕಿಲೋಮೀಟರ್, ಯಾರನ್ನೂ ಬಿಟ್ಟು ಹೋಗುವುದಿಲ್ಲ. ಹೀಗೆ ಬಿಡಿಸಿ ಬರೆಯಿರಿ.

ಇಲ್ಲಿ ನೋಡಿ, ಮುಂದೆ ಹೋಗುವವರು ಕೈ ಕೆಳಗೆ ಮಾಡಿ ತೋರಿಸಿದರಲ್ಲ, ಅಲ್ಲಿ ಗುಂಡಿ ಇದೆ ಅಂತ. ನಮ್ಮ ಆರು ಜನರಲ್ಲಿ ನಾಲ್ಕು ಭಾಷೆ ಇದೆ. ಇಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಈ ಕೈಸನ್ನೆ ಎಲ್ಲರಿಗೂ ಮೊದಲ ದಿನವೇ ಬಂತು. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ನುಗ್ಗಿಸಬಾರದು ಅನ್ನುವುದನ್ನು ಮಾತ್ರ ಕೂತು ಹೇಳಬೇಕಾಯಿತು. ಅವರು ಸ್ವಲ್ಪ ವಾಲಿದರೂ ಬೀಳುವವರು ನೀವೇ.

ಹಾಂ, ಬ್ರೇಕ್! ಗಾಡಿಗಳು ಎಡಬದಿಯಲ್ಲಿ ಓಡುವ ದೇಶಗಳಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ ಇರುತ್ತದೆ. ಬಲಬದಿಯಲ್ಲಿ ಓಡುವ ಕಡೆ ಹೆಚ್ಚಾಗಿ ಅದು ಎಡಗೈಗೆ. ಹೊಸ ದೇಶದಲ್ಲಿ ಸೈಕಲ್ ಹತ್ತಿದರೆ ಮೊದಲು ಖಾಲಿ ಜಾಗದಲ್ಲಿ ಎರಡೂ ಲಿವರ್ ಮೆಲ್ಲಗೆ ಹಿಡಿದು ನೋಡಿ. ಗಾಬರಿಯಲ್ಲಿ ಮುಂದಿನದನ್ನು ಒಮ್ಮೆಗೇ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಸರಿ, ಸೇತುವೆ ಬಂತು, ವಿಷಯಕ್ಕೆ ಬರುತ್ತೇನೆ.

ನೀಲಿ ಸೈಕಲ್ ನಿಂತಿತು. ಹಿಂದಿನ ಟಯರ್ ಪೂರ್ತಿ ಚಪ್ಪಟೆ. ಪಂಕ್ಚರ್ ಆಗುತ್ತದೆ ಅಂತ ನಾನು ತಯಾರಾಗಿಯೇ ಹೋಗಿದ್ದೆ. ಬ್ಯಾಗಿನಲ್ಲಿ ಪಂಪು, ಒಂದು ಹೊಸ ಟ್ಯೂಬು. ಆದರೆ ಗಾಳಿ ತುಂಬುವ ಮೂತಿ, ಅಂದರೆ ವಾಲ್ವ್, ನನ್ನದು ದಪ್ಪ, ಕಾರಿನ ಟಯರಿನಲ್ಲಿ ಇರುತ್ತದಲ್ಲ, ಶ್ರೇಡರ್, ಅದು. ಅವರದು ಪೆನ್ಸಿಲ್‌ಗಿಂತ ಸಣ್ಣ ಪ್ರೆಸ್ಟಾ. ಪಂಪಿನ ಬಾಯಿ ಅದಕ್ಕೆ ಕೂರುವುದಿಲ್ಲ. ಹೋಗಲಿ, ಟ್ಯೂಬಾದರೂ ಹಾಕೋಣ ಅಂದರೆ ಅವರ ರಿಮ್ಮಿನ ತೂತಿನಲ್ಲಿ ನನ್ನ ವಾಲ್ವ್ ತೂರುವುದೇ ಇಲ್ಲ. ಒಂದು 8 ಮಿಲಿಮೀಟರ್, ಇನ್ನೊಂದು 6. ಎರಡು ಮಿಲಿಮೀಟರಿಗಾಗಿ ಆರು ಜನ ನಲವತ್ತು ನಿಮಿಷ ರಸ್ತೆ ಬದಿಯಲ್ಲಿ! ಕರೆದುಕೊಂಡು ಬಂದವಳು ನಾನು. ಎಲ್ಲರ ಸೈಕಲ್‌ನ ವಾಲ್ವ್ ಯಾವುದು ಅಂತ ಹೊರಡುವ ಮೊದಲೇ ನೋಡಬೇಕಿತ್ತು. ನನಗೆ ನಿಜಕ್ಕೂ ಬೇಜಾರಾಯಿತು.

ನಮ್ಮ ಗುಂಪಿನಲ್ಲಿ ರೇಸ್ ಸೈಕಲ್‌ನವರು ಒಬ್ಬರಿದ್ದಾರೆ. ಕಳೆದ ವಾರದ ವಿಡಿಯೋದಲ್ಲಿ ನಾನೇ ಹೇಳಿದ್ದೆ, ಇಂಥವರು ನಮ್ಮ ಗುಂಪಿಗೆ ಬೇಡ, ವೇಗ ಬೇಕಾದವರು ಬೇರೆ ಕಡೆ ಹೋಗಲಿ ಅಂತ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅವರು ಮುಂದೆ ಹೋಗಿದ್ದವರು, ನಾವು ಕಾಣಲಿಲ್ಲ ಅಂತ ತಿರುಗಿ ಬಂದರು. ಸೀಟಿನ ಕೆಳಗಿನ ಚಿಕ್ಕ ಚೀಲದಲ್ಲಿ ಸಣ್ಣ ವಾಲ್ವಿನ ಟ್ಯೂಬೂ ಇತ್ತು, ಪಂಪೂ ಇತ್ತು. ಟ್ಯೂಬು ಸ್ವಲ್ಪ ಕಿರಿದು, ಮನೆ ಮುಟ್ಟಲು ಸಾಕು ಅಂದರು.

ಈ ಕ್ಲೋಸಪ್ ನೋಡಿ. ಹೊಸ ಟ್ಯೂಬು ಹಾಕುವ ಮೊದಲು ಟಯರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸುತ್ತಿದ್ದಾರೆ. ಅಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಅಕ್ಕಿಕಾಳಿನಷ್ಟು ಗಾಜಿನ ಚೂರು. ಅದನ್ನು ತೆಗೆಯದೆ ಹಾಕಿದ್ದರೆ ಹೊಸ ಟ್ಯೂಬೂ ಟುಸ್! ಆಮೇಲೆ ಪ್ರೆಸ್ಟಾದ ತುದಿಯಲ್ಲಿರುವ ಪುಟಾಣಿ ನಟ್ಟು. ಅದನ್ನು ಸಡಿಲಿಸಿ, ಒಮ್ಮೆ ಒತ್ತಿ ಚುಸ್ ಅನ್ನಿಸಿ, ಆಮೇಲೆ ಗಾಳಿ ಹೊಡೆಯಬೇಕು. ನಟ್ಟು ಬಿಗಿಯಾಗಿಯೇ ಇದ್ದರೆ ಎಷ್ಟು ಒತ್ತಿದರೂ ಒಳಗೆ ಗಾಳಿ ಹೋಗುವುದಿಲ್ಲ.

ಆ ನಲವತ್ತು ನಿಮಿಷದಲ್ಲಿ ಹಸಿರು ಜಾಕೆಟ್‌ನವರು ಮೊಮ್ಮಗಳ ಫೋಟೋ ತೋರಿಸಿದರು. ಮೂರು ಚಕ್ರದ ಸೈಕಲ್ ಮೇಲೆ ಕೂತಿದ್ದಾಳೆ. ಗಾಳಿ ತುಂಬಿದ ಟಯರನ್ನು ಡನ್ಲಪ್ ಮೊದಲು ಮಾಡಿದ್ದೂ ತನ್ನ ಮಗನ ಅಂಥದ್ದೇ ಪುಟ್ಟ ಸೈಕಲ್ಲಿಗೆ. ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ಅಯ್ಯೋ, ಆಗಲೇ ಹೊರಟೇಬಿಟ್ಟಿದ್ದಾರೆ.

ಮುಂದಿನ ವಾರಕ್ಕೆ ಎರಡು ಥರದ ಟ್ಯೂಬೂ ನನ್ನ ಬ್ಯಾಗಿನಲ್ಲಿ ಇರುತ್ತವೆ, ಪಂಪಿಗೆ ಅಡಾಪ್ಟರ್ ಕೂಡ. ರೇಸ್ ಸೈಕಲ್‌ನವರು ಇನ್ನು ಮೇಲೆ ಎಲ್ಲರಿಗಿಂತ ಹಿಂದೆ ಬರುತ್ತೇನೆ ಅಂದಿದ್ದಾರೆ. ಇದು ವಾಪಸ್ ಬಂದ ಗೇಟು. ಒಂದು, ಎರಡು, ಮೂರು, ನಾನು ನಾಲ್ಕು. ಅಗೋ, ನೀಲಿ ಸೈಕಲ್, ಅದರ ಹಿಂದೆಯೇ ಅವರು. ಆರೂ ಜನ ಬಂದರು. ಭಾನುವಾರ ಏಳಕ್ಕೆ, ಇಲ್ಲೇ.