ಒಂದ್ ರೂಪಾಯಿನೂ ಕಟ್ ಮಾಡಿಲ್ವಂತೆ ಸ್ವಾಮಿ!

ನಮಸ್ಕಾರ ಎಲ್ರಿಗೂ. ಆನ್ ಆಗಿದ್ಯೇನೋ ಇದು? ಆಗಿದ್ಯಂತೆ. ಹೋದ್ ಸಲ ಪೆನ್ಷನ್ ವಿಷ್ಯ ಶುರು ಮಾಡಿ ಹಲಸಿನಹಣ್ಣಿನ ದೋಸೆಗೆ ಹೋಗ್ಬಿಟ್ಟಿದ್ದೆ, ಅದಕ್ಕೆ ಮೊಮ್ಮಗ ತಾತ ನೀನು ಬರ್ಕೊಂಡು ಮಾತಾಡು ಅಂದ, ಇವತ್ತು ಎರಡು ಹಾಳೆ ಬರ್ಕೊಂಡೇ ಕೂತಿದೀನಿ. 2025 ನವೆಂಬರ್, ದಾಸರಹಳ್ಳಿಲಿ ಬೆಳಿಗ್ಗೆ ಒಳ್ಳೆ ಚಳಿ, ಸ್ವೆಟರ್ ಹಾಕಿದೀನಿ, ಅದ್ರ ಬಗ್ಗೆ ಕಾಮೆಂಟ್ ಬೇಡ.

ಕಾಮೆಂಟ್ ಅಂದ್ರೆ ನೆನಪಾಯ್ತು. ಒಬ್ರು ಹಾಕಿದಾರೆ, ಫೋಟೋ ಇರೋ ಜಾಗದಲ್ಲಿ ಬುಲೆಟ್ ಗಾಡಿ ಇದೆ. ಏನಂತಾರೆ ಗೊತ್ತಾ, "ಅಂಕಲ್, ಗೌರ್ನಮೆಂಟು ನಿಮ್ ಪೆನ್ಷನ್ನಲ್ಲಿ ಒಂದ್ ರೂಪಾಯಿನೂ ಕಟ್ ಮಾಡಿಲ್ವಲ್ಲ, ಸುಮ್ನೆ ಯಾಕೆ ಬಾಯ್ ಬಡ್ಕೋತೀರಾ." ಕೆಳಗಡೆ ನಲವತ್ತೊಂದು ಜನ ಲೈಕ್ ಬೇರೆ. ನನ್ ವಿಡಿಯೋಗೇ ಅಷ್ಟು ಲೈಕ್ ಬಂದಿಲ್ಲ ಕಣ್ರೀ.

ಬುಲೆಟ್ ಸಾಹೇಬ್ರೆ, ಕೇಳಿ. ಬೆಲೆ ಏರ್ತಾ ಇರ್ವಾಗ ಪೆನ್ಷನ್ ನಿಂತಲ್ಲೇ ನಿಂತಿದ್ರೆ ಅದೂ ಕಟ್ಟೇ. ಇದೊಂದೇ ನಾನು ಇವತ್ತು ಹೇಳೋದು. ಬೇಕಿದ್ರೆ ಇಲ್ಲಿಗೇ ವಿಡಿಯೋ ಮುಚ್ಕೊಂಡು ಹೋಗಿ, ಹೋಗೋಕ್ ಮುಂಚೆ ಸಬ್ಸ್ಕ್ರೈಬ್ ಒತ್ತಿ.

ನಾನು ಪೀಣ್ಯದಲ್ಲಿ ಲೇತ್ ಮೇಲೆ ನಿಂತೋನು. 1985ರಲ್ಲಿ ಸೇರಿ 2013ರಲ್ಲಿ ರಿಟೈರ್ ಆದೆ, ಇಪ್ಪತ್ತೆಂಟು ವರ್ಷ. ನಮ್ದು ಸರ್ಕಾರಿ ಪೆನ್ಷನ್ ಅಲ್ಲ, ಇಪಿಎಸ್-95 ಅಂತಾರಲ್ಲ, ಪಿಎಫ್ ಆಫೀಸಿಂದ ಬರೋದು, ಅದು. ಮಾಲೀಕರು ನಮ್ ಹೆಸ್ರಲ್ಲಿ ಕಟ್ಟೋ ಪಿಎಫ್ ದುಡ್ಡಲ್ಲೇ ಸಂಬಳದ 8.33 ಪರ್ಸೆಂಟ್ ಈ ಪೆನ್ಷನ್ನಿಗೆ ಹೋಗ್ತಿತ್ತು. ಆದ್ರೆ ಪೂರ್ತಿ ಸಂಬಳದ ಮೇಲಲ್ಲ, ನಮ್ ಕಾಲದಲ್ಲಿ 6,500 ರೂಪಾಯಿಗೆ ಒಂದು ಗೆರೆ ಎಳ್ದಿದ್ರು, ನೀವು ಹನ್ನೆರಡು ಸಾವಿರ ದುಡೀರಿ ಇಪ್ಪತ್ತು ದುಡೀರಿ, ಲೆಕ್ಕಕ್ಕೆ ಆರೂವರೆನೇ. ಆಮೇಲೆ 2014ರಲ್ಲಿ ಅದನ್ನ 15,000 ಮಾಡಿದ್ರು, ನಾನು ಅಷ್ಟೊತ್ತಿಗೆ ಮನೆಗ್ ಬಂದಾಗಿತ್ತು. ನನ್ ಪೆನ್ಷನ್ ಎಷ್ಟು? ಎರಡು ಸಾವಿರ ಚಿಲ್ರೆ. 2013ರಲ್ಲೂ ಎರಡು ಸಾವಿರ ಚಿಲ್ರೆ, ಇವತ್ತೂ ಅದೇ, ಆ ಚಿಲ್ರೆ ಕೂಡ ಅದೇ! ನನ್ ಅದೃಷ್ಟಕ್ಕೆ ಅಷ್ಟಾದ್ರೂ ಇದೆ, ಇದರಲ್ಲಿ ಮಿನಿಮಮ್ ಅಂತ ಒಂದಿದೆ, ಸಾವಿರ ರೂಪಾಯಿ, 2014 ಸೆಪ್ಟೆಂಬರಲ್ಲಿ ಮಾಡಿದ್ದು. ಹನ್ನೊಂದು ವರ್ಷ ಆಯ್ತು ಸ್ವಾಮಿ, ಸಾವಿರ ಸಾವಿರವಾಗೇ ಇದೆ.

ಮೊಮ್ಮಗ ಸರ್ಕಾರದ್ದೇ ಬೆಲೆ ಸೂಚ್ಯಂಕ ಇಟ್ಕೊಂಡು ಲೆಕ್ಕ ಹಾಕ್ದ. ಅವತ್ತಿನ ಸಾವಿರಕ್ಕೆ ಇವತ್ತು ಆರುನೂರರ ಆಸುಪಾಸಿನ ಬೆಲೆ ಅಂತೆ. ಹಾಗಾದ್ರೆ ನಾನೂರು ಎಲ್ಲಿ ಹೋಯ್ತು? ಕಟ್ ಆಯ್ತು! ಆರ್ಡರ್ ಇಲ್ಲ, ಪೇಪರಲ್ಲಿ ಸುದ್ದಿ ಇಲ್ಲ, ಕತ್ತರಿನೇ ಕಾಣ್ಸಲಿಲ್ಲ, ಪಂಚೆ ಮಾತ್ರ ಟವೆಲ್ ಆಗೋಯ್ತು.

ಕಾಣೋ ಕತ್ತರಿನೂ ಇದೆ, ಅದನ್ನೂ ಹೇಳ್ಬಿಡ್ತೀನಿ. ರೈಲಲ್ಲಿ ಅರವತ್ತಾದ ಗಂಡಸ್ರಿಗೆ 40 ಪರ್ಸೆಂಟ್, ಐವತ್ತೆಂಟಾದ ಹೆಂಗಸ್ರಿಗೆ 50 ಪರ್ಸೆಂಟ್ ರಿಯಾಯಿತಿ ಇತ್ತು. 2020 ಮಾರ್ಚಲ್ಲಿ ಕೊರೊನಾ, ವಯಸ್ಸಾದೋರು ಓಡಾಡ್ಬಾರ್ದು ಅಂತ ನಿಲ್ಲಿಸಿದ್ರು. ಸರಿ, ಒಪ್ಕೊಂಡ್ವಿ. ಕೊರೊನಾ ಹೋಯ್ತು, ಮಾಸ್ಕ್ ಹೋಯ್ತು, ರಿಯಾಯಿತಿ ಮಾತ್ರ ಇನ್ನೂ ಕ್ವಾರಂಟೈನಲ್ಲೇ ಇದೆ. ಕೇಳಿದ್ರೆ ಎಲ್ಲಾ ಪ್ರಯಾಣಿಕರಿಗೂ ಸರಾಸರಿ 46 ಪರ್ಸೆಂಟ್ ಸಬ್ಸಿಡಿ ಕೊಡ್ತಾ ಇದೀವಲ್ಲ ಅಂತಾರೆ. ಅಂದ್ರೆ ಇಡೀ ಊರಿಗೆ ಬಡಿಸಿದ ಊಟ ತೋರ್ಸಿ, ನಿನ್ ಎಲೆಗೂ ಹಾಕಿದೀವಲ್ಲಪ್ಪ, ಪಾಯಸ ಯಾಕೆ ಕೇಳ್ತೀಯಾ ಅಂದಂಗಾಯ್ತು. ಸೆಂಟ್ರಲ್ ಗೌರ್ನಮೆಂಟ್ ಪೆನ್ಷನ್ ತಗೊಳೋರಿಗೂ ಅದೇ ಕೊರೊನಾ ಟೈಮಲ್ಲಿ ಡಿಎ, ಅಂದ್ರೆ ಬೆಲೆ ಏರ್ದಂಗೆ ಕೊಡೋ ತುಟ್ಟಿಭತ್ಯೆ, ಅದನ್ನ ಏರ್ಸೋದನ್ನೇ ಹದಿನೆಂಟು ತಿಂಗಳು ನಿಲ್ಲಿಸಿದ್ರು, ಆ ಬಾಕಿ ಕೊಡ್ಲೇ ಇಲ್ಲ. ಆದ್ರೂ ಅವ್ರಿಗೆ ಡಿಎ ಅಂತ ಒಂದಾದ್ರೂ ಇದೆ ಕಣ್ರೀ, ವರ್ಷಕ್ಕೆ ಎರಡು ಸಲ ಏರುತ್ತೆ. ನಮಗೆ? ಡಿಎ ಅನ್ನೋ ಎರಡಕ್ಷರನೇ ನಮ್ ಸ್ಕೀಮಲ್ಲಿ ಇಲ್ಲ. ನಿಂತಿದ್ರೆ ಕಟ್ಟೇ!

ಇನ್ನು ಬುದ್ಧಿವಂತರು ಬರ್ತಾರೆ, ಗೊತ್ತು ನಂಗೆ. "ಅಂಕಲ್ ಆವಾಗ್ಲೇ ಎಸ್ಐಪಿ ಮಾಡ್ಬೇಕಿತ್ತು." ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕೋದಂತೆ. ಲೋ ಮಗನೆ, 1985ರಲ್ಲಿ ಎಸ್ಐಪಿ ಅಂದಿದ್ರೆ ನಮ್ ಪೀಣ್ಯದಲ್ಲಿ ಯಾವ್ದೋ ಮೆಷಿನ್ ಹೆಸ್ರು ಅನ್ಕೋತಿದ್ವಿ. "ಮಕ್ಳು ನೋಡ್ಕೊಳಲ್ವಾ." ನೋಡ್ಕೋತಾರೆ, ಚೆನ್ನಾಗೇ ನೋಡ್ಕೋತಾರೆ, ಅದಕ್ಕೂ ನಾನು ದುಡ್ದಿದ್ದಕ್ಕೂ ಏನ್ ಸಂಬಂಧ? ಮತ್ತೊಬ್ರು, "ಮನೇಲಿ ಗೃಹಲಕ್ಷ್ಮಿ ಬರುತ್ತಲ್ಲ." ಬರುತ್ತೆ, ನನ್ ಹೆಂಡ್ತಿಗೆ ಎರಡು ಸಾವಿರ ಬರುತ್ತೆ, ಬೇಡ ಅಂದಿಲ್ಲ. ಇಪ್ಪತ್ತೆಂಟು ವರ್ಷ ಕಬ್ಬಿಣದ ಪುಡಿ ಕುಡ್ದಿದ್ದಕ್ಕೆ ನಂಗೆ ಎರಡು ಸಾವಿರ ಚಿಲ್ರೆ, ಅಂದ್ರೆ ಮನೇಲಿ ಅವ್ಳಿಗಿಂತ ನಾನು ಮೇಲಿರೋದು ಆ ಚಿಲ್ರೇಲಿ ಮಾತ್ರ. ಹಾಗೇ ನಮ್ ರಾಜ್ಯದ ಸಂಧ್ಯಾ ಸುರಕ್ಷಾ ಪೆನ್ಷನ್ ನೋಡಿ, ಪಾಪ ಏನೂ ಇಲ್ದಿರೋ ವಯಸ್ಸಾದೋರಿಗೆ 1,200 ಕೊಡ್ತಾರೆ, ಅದೂ ಸಾಲಲ್ಲ ಬಿಡಿ. ಆದ್ರೆ ಪಿಎಫ್ ಕಟ್ಟಿದೋನ ಮಿನಿಮಮ್ 1,000. ಲೆಕ್ಕ ಎಲ್ಲಿಗ್ ಬಂತು ನೋಡಿ, ಕಟ್ದೋನೇ ದಡ್ಡ.

ಒಂದ್ ನಿಮಿಷ, ಮೊದಲ್ನೇ ಹಾಳೆ ಮುಗೀತು, ಎರಡನೇದು... ಇದು ದಿನಸಿ ಚೀಟಿ. ಇರ್ಲಿ ಬಿಡಿ, ಇದನ್ನೇ ಓದ್ತೀನಿ, ಇದೂ ಸಾಕ್ಷಿನೇ. ಹಾಲು, ಏಪ್ರಿಲ್ ಒಂದಕ್ಕೆ ಲೀಟರಿಗೆ ನಾಲ್ಕು ರೂಪಾಯಿ ಏರ್ತು. ಸಿಲಿಂಡರು, ಅದೇ ಏಪ್ರಿಲಲ್ಲಿ ಐವತ್ತು. ಬಸ್ಸು, ಜನವರಿಲಿ ಹದಿನೈದು ಪರ್ಸೆಂಟ್. ಬಿಪಿ ಮಾತ್ರೆ, ಅದ್ರ ರೇಟ್ ನೋಡಿದ್ರೆ ಬಿಪಿ ಇಲ್ದೋನಿಗೂ ಬರುತ್ತೆ. ಇವೆಲ್ಲ ಏರ್ಬೋದು, ನಾನೊಬ್ನೇ ಏರ್ಬಾರ್ದು.

ಈಗ ಬರುತ್ತೆ ನೋಡಿ ನಂಗೆ ನಿಜವಾದ ಸಿಟ್ಟು. ಪೆನ್ಷನ್ನನ್ನ ಬೆಲೆ ಸೂಚ್ಯಂಕಕ್ಕೆ ಕಟ್ಟಾಕೋದು ಹೇಗೆ ಅಂತ ಇವ್ರಿಗೆ ಗೊತ್ತಿಲ್ವಾ? ಚೆನ್ನಾಗ್ ಗೊತ್ತು. ಈ ವರ್ಷ ಮಾರ್ಚಲ್ಲಿ ಮಾಜಿ ಸಂಸದರ ಪೆನ್ಷನ್ 25,000 ಇದ್ದಿದ್ದು 31,000 ಆಯ್ತು, ಅದೂ ಎರಡು ವರ್ಷ ಹಿಂದಿನ ಡೇಟಿಂದ, ಕಾರಣ ಏನಪ್ಪಾ ಅಂದ್ರೆ ಬೆಲೆ ಏರಿದೆಯಂತೆ! ಅದೇ ತಿಂಗಳು ನಮ್ ವಿಧಾನಸೌಧದಲ್ಲಿ ಶಾಸಕರ ಸಂಬಳ ಡಬಲ್. ಅವತ್ತು ಸದನದಲ್ಲಿ ಬೇರೇನೋ ಗಲಾಟೆ, ಆ ಗಲಾಟೇಲಿ ಇದಕ್ಕೆ ಚರ್ಚೆನೂ ಇಲ್ಲ. ಪಕ್ಷ ಯಾವ್ದು ಅಂತ ಕೇಳ್ಬೇಡಿ, ಅದೊಂದ್ ವಿಷ್ಯದಲ್ಲಿ ಎಲ್ಲಾ ಒಂದೇ ಪಂಕ್ತಿ. ಅಂದ್ರೆ ಬೆಲೆ ಏರಿಕೆ ಅವ್ರ ಮನೇಗ್ ಬರುತ್ತೆ, ನಮ್ ದಾಸರಹಳ್ಳಿ ರೋಡಿಗೆ ಬರಲ್ವಾ? ನಮ್ ಮಿನಿಮಮ್ ಸಾವಿರ ಆಗೋಕ್ ಮುಂಚೇನೇ, ಮೂರ್ ಸಾವಿರ ಮಾಡಿ ಅಂತ ಪಾರ್ಲಿಮೆಂಟ್ ಕಮಿಟಿನೇ 2013ರಲ್ಲಿ ಹೇಳಿತ್ತು, ಕೋಶ್ಯಾರಿ ಕಮಿಟಿ. ಈಗ ಪೆನ್ಷನ್ನೋರು 7,500 ಕೇಳಿದ್ರೆ ಪರಿಶೀಲಿಸ್ತೀವಿ ಅಂತಾರೆ. ಪರಿಶೀಲಿಸಿ ಸ್ವಾಮಿ, ನಮಗೇನ್ ಅರ್ಜೆಂಟಿಲ್ಲ, ಎಪ್ಪತ್ತೇ ಅಲ್ವಾ.

ರಸ್ತೆಗಿಳಿದ್ರೆ ಕೇಳ್ತಾರೆ, ಅದೂ ಗೊತ್ತು. ಪಿಎಫ್ ದುಡ್ಡು ವಾಪಸ್ ತಗೊಳೋಕೆ ಹೊಸ ರೂಲ್ ತಂದಿದ್ರು ಅಂತ 2016 ಏಪ್ರಿಲಲ್ಲಿ ನಮ್ ಗಾರ್ಮೆಂಟ್ಸ್ ಹೆಣ್ಮಕ್ಳು ಹೊಸೂರ್ ರೋಡು, ತುಮಕೂರ್ ರೋಡು ಎರಡೂ ಕಡೆ ಕೂತ್ರಲ್ಲ, ಎರಡೇ ದಿನಕ್ಕೆ ಆ ರೂಲ್ ವಾಪಸ್! ನಮಗೆ ಕೂರೋಕೇನೋ ಬರುತ್ತೆ, ಮಂಡಿ ನೋವು, ಏಳೋಕೇ ಆಗಲ್ಲ.

ಇನ್ನೊಂದು ಏನೋ ಹೇಳ್ಬೇಕಿತ್ತು... ಹಾ, ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡೋಕ್ ಹೋದ್ರೆ ಬೆರಳು ಮೆಷಿನ್ನಿಗೆ ಹತ್ಲಿಲ್ಲ, ಲೇತಲ್ಲೇ ಸವೆದೋಗಿದೆ. ಮೂರ್ ಸಲ ಒತ್ಸಿ, ಆಮೇಲೆ ಮುಖ ತೋರ್ಸಿ ಕಣ್ ಮಿಟುಕ್ಸಿ ಅಂದ್ರು. ಮಿಟುಕ್ಸಿದೆ. ಬದುಕಿದೀನಂತೆ. ಎರಡು ಸಾವಿರದ ಚಿಲ್ರೇಲಿ.

ಸಾಕು, ಮೊಮ್ಮಗ ಕೈ ತೋರಿಸ್ತಾ ಇದಾನೆ. ಬುಲೆಟ್ ಸಾಹೇಬ್ರೆ, ನಿಂತಿದ್ರೆ ಕಟ್ಟೇ, ನಿಮ್ ಸಂಬಳ ಹನ್ನೊಂದು ವರ್ಷ ನಿಲ್ಲಿಸ್ಲಿ, ಗಾಡಿಗೆ ಪೆಟ್ರೋಲ್ ಹಾಕ್ಸಿ ನೋಡೋಣ. ಲೈಕ್ ಮಾಡಿ, ಶೇರ್ ಮಾಡಿ. ಮತ್ತೆ ನಮ್ ಮನೆಯೋಳು ಬೂದುಗುಂಬಳಕಾಯಿ ಸಂಡಿಗೆ ಮಾಡ್ತಾಳೆ, ಬೇಕಾದೋರು ಕಾಮೆಂಟಲ್ಲಿ ಹೇಳಿ. ರೇಟು ಹೋದ್ ಸಲಕ್ಕಿಂತ ಹತ್ತು ರೂಪಾಯಿ ಜಾಸ್ತಿ ಮಾಡಿದಾಳೆ, ಬೇಜಾರ್ ಮಾಡ್ಕೋಬೇಡಿ, ನಮ್ಮನೇಲಿ ಸಂಡಿಗೆಗೂ ಡಿಎ ಇದೆ.