ದಿವಾಳಿ ಅರ್ಜಿಯಲ್ಲಿ ಮೈಸೂರಿನ ಸೈಟು

ಈ ವಿಡಿಯೊದಲ್ಲಿ ಮೇಜಿನ ಮೇಲೆ ಕಾಣುವ ಕಾಗದದ ರಾಶಿ ಅಮೆರಿಕದಲ್ಲಿ ನಾನು ಹಾಕಿದ ದಿವಾಳಿ ಅರ್ಜಿಯ ಪ್ರತಿ. ಖಾತೆ ಸಂಖ್ಯೆಗಳನ್ನು ಮಸುಕು ಮಾಡಿದ್ದೇನೆ, ಉಳಿದದ್ದನ್ನು ಧಾರಾಳವಾಗಿ ನೋಡಿ. ಹೇಗೂ ಇದು ಸಾರ್ವಜನಿಕ ದಾಖಲೆ.

ಸುದ್ದಿ ತಿಳಿದ ಕೂಡಲೇ ಮೈಸೂರಿನ ನೆಂಟರು ನನ್ನ ಮನೆ, ಕಾರು, ಚಿನ್ನ ಎಲ್ಲವೂ ಹರಾಜಾಯಿತು ಎಂದುಕೊಂಡರು. ಆ ಭಯ ಇಲ್ಲಿನ ದಿವಾಳಿ ಕಾನೂನಿನ ಚಾಪ್ಟರ್ 7ಕ್ಕೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸುವ ದಾರಿಗೆ ಸೇರಿದ್ದು. ಅಲ್ಲಿಯೂ ಕಾನೂನಿನ ವಿನಾಯಿತಿಗೆ ಮೀರಿದ ಆಸ್ತಿಯನ್ನು ಮಾತ್ರ ಟ್ರಸ್ಟಿ, ಅಂದರೆ ಪ್ರಕರಣ ನೋಡಿಕೊಳ್ಳಲು ನೇಮಕವಾದವರು, ಮಾರುತ್ತಾರೆ. ನಾನು ಹಾಕಿದ್ದು ಚಾಪ್ಟರ್ 13. ನಿಯಮಿತ ಆದಾಯವಿರುವವರು ಆಸ್ತಿ ಉಳಿಸಿಕೊಂಡು ಮೂರರಿಂದ ಐದು ವರ್ಷ ಕಂತು ಕಟ್ಟುವ ದಾರಿ ಇದು. ಅಮೆರಿಕದ ಪೌರತ್ವ ಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ಸಾಲಕ್ಕೆ ಮಾತ್ರ ಮಿತಿಯಿದೆ. 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಲೆಕ್ಕದಂತೆ ಅಡಮಾನವಿಲ್ಲದ ಸಾಲ 5,26,700 ಡಾಲರ್, ಅಡಮಾನದ ಸಾಲ 15,80,125 ಡಾಲರ್‌ಗಿಂತ ಕಡಿಮೆ ಇರಬೇಕು.

ನನಗೆ ಉಳಿಯಬೇಕಿದ್ದದ್ದು ನ್ಯೂಜೆರ್ಸಿಯ ಈ ಮನೆ. ಕೆಲಸ ಹೋಗಿ ಹೊಸ ಕೆಲಸ ಸಿಗುವಷ್ಟರಲ್ಲಿ ಕಂತುಗಳು ಬಾಕಿಬಿದ್ದು, ವಿಷಯ ಶೆರಿಫ್ ಹರಾಜಿನ, ಅಂದರೆ ಬಾಕಿ ಸಾಲಕ್ಕೆ ಸ್ಥಳೀಯ ಅಧಿಕಾರಿ ಮನೆ ಹರಾಜು ಹಾಕುವ ಅಂಚಿಗೆ ಬಂದಿತ್ತು. ಅರ್ಜಿ ದಾಖಲಾದ ಕ್ಷಣದಿಂದಲೇ ವಸೂಲಿಗೆ ತಡೆ ಬೀಳುತ್ತದೆ, ನ್ಯಾಯಾಧೀಶರ ಸಹಿಗೂ ಕಾಯಬೇಕಿಲ್ಲ. ಆದರೆ ಹರಾಜು ಮುಗಿದ ಮೇಲೆ ಎಚ್ಚೆತ್ತರೆ ಬಾಕಿ ತೀರಿಸಿ ಮನೆ ಉಳಿಸಿಕೊಳ್ಳುವ ಹಕ್ಕು ಕೈತಪ್ಪುತ್ತದೆ. ಇನ್ನೊಂದು ವಿಷಯ: ವಾಸದ ಮನೆಯ ಸಾಲದ ಬಡ್ಡಿಯನ್ನು ಕೋರ್ಟು ಇಳಿಸಿಕೊಡುವುದಿಲ್ಲ. ಹಳೆಯ ಬಾಕಿಯನ್ನು ವರ್ಷಗಳ ಮೇಲೆ ಹರಡಬಹುದು, ಅಷ್ಟೇ. ತಿಂಗಳ ಕಂತು ಅದರ ಜೊತೆಗೇ ನಡೆಯಬೇಕು.

ಅರ್ಜಿಗೆ ಹಿಂದಿನ 180 ದಿನಗಳೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಸಾಲದ ಬಗ್ಗೆ ಸಲಹೆ ಪಡೆದಿರಬೇಕು. ನನ್ನ ಮಟ್ಟಿಗೆ ಆ ಸಲಹೆಗಿಂತ ಕೊನೆಯಲ್ಲಿ ಸಿಗುವ ಪ್ರಮಾಣಪತ್ರವೇ ಹೆಚ್ಚು ಉಪಯೋಗಕ್ಕೆ ಬಂತು. ಕೋರ್ಟಿನ ಶುಲ್ಕ 313 ಡಾಲರ್. ವಕೀಲರ ಫೀಸು ಬೇರೆ.

ಈಗ ಪರದೆಯ ಮೇಲೆ ಬರುತ್ತಿರುವುದು ಆಸ್ತಿಯ ಪಟ್ಟಿ. ನಮ್ಮಂಥವರು ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದೇ. ಬ್ಯಾಂಕಿನ ಹಣ, ಪೀಠೋಪಕರಣ, ಕೊನೆಗೆ ಕೈಯ ಬಳೆಗಳಿಗೂ ಇಲ್ಲಿ ಒಂದೊಂದು ಸಾಲಿದೆ. ವಕೀಲರು ತಲೆ ಎತ್ತದೆ ಕೇಳಿದರು, “ಭಾರತದಲ್ಲಿ ಏನಾದರೂ?” ಅಪ್ಪ ನನ್ನ ಹೆಸರಿಗೆ ಕೊಡಿಸಿದ ಸೈಟು ಮೈಸೂರಿನಲ್ಲಿದೆ. ಅದಕ್ಕೂ ಇಲ್ಲಿನ ಕೋರ್ಟಿಗೂ ಏನು ಸಂಬಂಧ ಎಂದೆ. ಸಂಬಂಧವಿದೆ. ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಯಾರ ವಶದಲ್ಲಿದ್ದರೂ ಹೇಳಲೇಬೇಕು. ಬೇಕೆಂದೇ ಮುಚ್ಚಿಟ್ಟರೆ ಅದು ಅಪರಾಧ, ಐದು ವರ್ಷದವರೆಗೆ ಜೈಲು.

ಹಾಗೆಂದು ಸೈಟು ಮಾರಬೇಕಾಗಲಿಲ್ಲ. ಚಾಪ್ಟರ್ 7 ಹಾಕಿ ಆಸ್ತಿ ಮಾರಿದ್ದರೆ ಅಡಮಾನವಿಲ್ಲದ ಸಾಲ ಕೊಟ್ಟವರಿಗೆ ಎಷ್ಟು ಸಿಗುತ್ತಿತ್ತೋ, ಕನಿಷ್ಠ ಅಷ್ಟು ನನ್ನ ಕಂತುಗಳಿಂದ ಅವರಿಗೆ ಸಿಗಬೇಕು. ಸೈಟಿನ ಬೆಲೆ ಆ ಲೆಕ್ಕಕ್ಕೆ ಸೇರಿತು, ಕಂತು ಏರಿತು. ಕ್ರೆಡಿಟ್ ಕಾರ್ಡ್ ಸಾಲ ಬಹುಪಾಲು ಮನ್ನಾ ಆಗುತ್ತದೆ ಎಂದು ಗೆಳತಿಯರು ಹೇಳಿದ್ದು ನನಗೆ ಅನ್ವಯಿಸಲಿಲ್ಲ.

ಇನ್ನೊಂದು ನಮೂನೆ ಹಿಂದಿನ ಎರಡು ವರ್ಷಗಳಲ್ಲಿ ಒಬ್ಬೊಬ್ಬರಿಗೆ ಒಟ್ಟು 600 ಡಾಲರ್‌ಗಿಂತ ಹೆಚ್ಚು ಉಡುಗೊರೆ ಕೊಟ್ಟಿದ್ದೀರಾ ಎಂದು ಕೇಳುತ್ತದೆ. ಅಮ್ಮನಿಗೆ ಕಳುಹಿಸಿದ ಹಣವನ್ನೆಲ್ಲ ಬರೆದೆ. ಫೋನಿನಲ್ಲಿ ಹೇಳಿದಾಗ ಅಮ್ಮ, “ಹೆತ್ತ ತಾಯಿಗೆ ಕೊಟ್ಟ ದುಡ್ಡಿಗೂ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕೇನೇ?” ಎಂದು ರೇಗಿದರು.

ಮರುಪಾವತಿ ಯೋಜನೆಯನ್ನು ಅರ್ಜಿಯ ಜೊತೆಗೆ ಅಥವಾ 14 ದಿನಗಳಲ್ಲಿ ಕೊಡಬೇಕು. ಕೋರ್ಟು ಅದನ್ನು ಒಪ್ಪುವ ಮೊದಲೇ, ಅರ್ಜಿ ಹಾಕಿದ 30 ದಿನಗಳೊಳಗೆ ಮೊದಲ ಕಂತು ಟ್ರಸ್ಟಿಗೆ ಸೇರಬೇಕು. ಅದರಲ್ಲಿ ನೂರಕ್ಕೆ ಹತ್ತರವರೆಗೆ ಟ್ರಸ್ಟಿಯ ಶುಲ್ಕ. ಹಿಂದಿನ ನಾಲ್ಕು ವರ್ಷಗಳ ತೆರಿಗೆ ವಿವರಗಳೂ ಸಲ್ಲಿಕೆಯಾಗಿರಬೇಕು. ನಾನು ಹೆದರಿದ್ದು ಸಾಲ ಕೊಟ್ಟವರ ಸಭೆಗೆ. ಅದು ಜೂಮ್‌ನಲ್ಲಿ ನಡೆಯಿತು. ನ್ಯಾಯಾಧೀಶರು ಅಲ್ಲಿರುವುದಿಲ್ಲ. ಟ್ರಸ್ಟಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಿದರು, ಸಾಲ ಕೊಟ್ಟ ಒಬ್ಬರೂ ಬರಲಿಲ್ಲ. ಯೋಜನೆಗೆ ಒಪ್ಪಿಗೆ ಕೊಡುವುದು ನ್ಯಾಯಾಧೀಶರು, ಅದು ಆಮೇಲಿನ ವಿಚಾರಣೆಯಲ್ಲಿ.

ಈಗ ಹೊಸ ಸಾಲ ಬೇಕೆಂದರೆ ಅನುಮತಿ ಕೇಳಬೇಕು. ಕಂತು ಮುಗಿಯುವ ಮೊದಲು ಹಣ ನಿರ್ವಹಣೆಯ ಇನ್ನೊಂದು ಪಾಠವಿದೆ. ಅದಾದ ಮೇಲೆಯೇ ಋಣಮುಕ್ತಿಯ ಆದೇಶ. ಶಿಕ್ಷಣ ಸಾಲ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಾರ್ಡ್ ಸಾಲಕ್ಕೂ ಇಂಥ ದಾರಿ ಇದೆಯೇ ಎಂದು ಕೇಳಿದ. ಭಾರತದ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದೇ ಒಂದು ಭಾಗವಿದೆ. ಆದರೆ 2019ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಉಳಿದವರಿಗೆ ಹಳೆಯ ಕಾಯ್ದೆಗಳೇ ಗತಿ. ಬ್ಯಾಂಕಿನವರ ಜೊತೆ ಕುಳಿತು ಕಂತು ಮಾಡಿಸಿಕೊಳ್ಳುವಂತೆ ಅವನಿಗೆ ಹೇಳಿದ್ದೇನೆ.