ಕೆಂಪು ದೀಪ ಕಂಡ ದಿನವೇ ಡಿಸ್ಕ್ ಬದಲಾಯಿಸಿ

ಕೇಳುಗರಿಗೆ ನಮಸ್ಕಾರ. ಫೋಟೊ ಸ್ಟುಡಿಯೊ, ಆಡಿಟರ್ ಆಫೀಸು, ಸ್ಕ್ಯಾನಿಂಗ್ ಸೆಂಟರ್ ನಡೆಸುವವರು ಸ್ವಲ್ಪ ಕಿವಿ ಕೊಡಿ. ನಿಮ್ಮಲ್ಲಿ ಹಲವರ ಮೇಜಿನ ಕೆಳಗೆ ನಾಲ್ಕು ಹಾರ್ಡ್ ಡಿಸ್ಕ್ ಹಾಕಿದ ಒಂದು ಡಬ್ಬಿ ಇರುತ್ತದೆ, ಅಲ್ವಾ? ಆ ಏರ್ಪಾಡಿಗೆ ರೇಡ್ ಎಂದು ಹೆಸರು. ಅಗ್ಗದ ಡಿಸ್ಕ್‌ಗಳನ್ನು ಒಟ್ಟು ಸೇರಿಸಿ ದುಬಾರಿ ಡಿಸ್ಕ್‌ನ ಕೆಲಸ ತೆಗೆಯಬಹುದು ಎಂದು 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಪ್ರಬಂಧ ಬರೆದರು. ಈ ಹೆಸರು ಬಂದದ್ದು ಅಲ್ಲಿಂದಲೇ.

ನಾನು ಹೇಳುವುದು ಒಂದೇ ಮಾತು. ಒಂದು ಡಿಸ್ಕ್ ಕೆಟ್ಟರೆ ಅವತ್ತೇ ಬದಲಾಯಿಸಿ.

ಒಬ್ಬರು ಮದುವೆ ಫೋಟೊ ಸ್ಟುಡಿಯೊದವರು ನನ್ನನ್ನು ಕರೆಸಿದ್ದರು. ಡಬ್ಬಿ ತಂದ ಹೊಸದರಲ್ಲೇ ಅವರಿಗೊಂದು ಅನುಮಾನ. "ಮೇಡಂ, 4 ಟಿಬಿಯ ನಾಲ್ಕು ಡಿಸ್ಕ್ ಹಾಕಿದೀನಿ. 16 ಬರಬೇಕಲ್ವಾ? 12 ಮಾತ್ರ ತೋರಿಸ್ತಿದೆ." ನಾನು ಅಲ್ಲೇ ಬಿಲ್ಲಿನ ಹಿಂದೆ 7, 2, 5 ಎಂದು ಬರೆದೆ. ಒಂದೊಂದು ಅಂಕಿಯೂ ಒಂದೊಂದು ಡಿಸ್ಕ್‌ನಲ್ಲಿರುವ ಮಾಹಿತಿ ಅಂದುಕೊಳ್ಳಿ. ಪಕ್ಕದಲ್ಲಿ ಮೊತ್ತ 14. ಈಗ 2 ಅಳಿಸಿಹೋಯಿತು ಅಂತಿಟ್ಟುಕೊಳ್ಳಿ. 14ರಲ್ಲಿ 7 ಮತ್ತು 5 ಕಳೆದರೆ ಅದು ವಾಪಸ್ ಸಿಗುತ್ತದೆ. ಆ ಮೊತ್ತ ಇಡುವುದಕ್ಕೇ ಒಂದು ಡಿಸ್ಕ್‌ನಷ್ಟು ಜಾಗ ಹೋಗುವುದು. ಎರಡು ಅಂಕಿ ಅಳಿಸಿದರೆ? ಯಾವ ಬ್ರಹ್ಮನಿಗೂ ಹೇಳಲು ಬರುವುದಿಲ್ಲ.

ಅವರಿಗೆ ಅರ್ಥವಾಯಿತು, ಖುಷಿಯೂ ಆಯಿತು. ಆಮೇಲೆ ಮದುವೆ ಸೀಸನ್ ಬಂತು. ಒಂದು ದಿನ ಡಬ್ಬಿ ಕೀ ಕೀ ಎಂದು ಬಡಿದುಕೊಳ್ಳತೊಡಗಿತು, ಮೂರನೇ ಡಿಸ್ಕ್‌ನ ದೀಪ ಕೆಂಪಾಯಿತು. ಎಡಿಟಿಂಗ್ ಮಾಡುವ ಹುಡುಗ ಸೆಟ್ಟಿಂಗ್‌ಗೆ ಹೋಗಿ ಸದ್ದು ಆಫ್ ಮಾಡಿದ. ಫೋಟೊಗಳೆಲ್ಲ ತೆರೆಯುತ್ತಿದ್ದವು, ಕೆಲಸ ನಿಂತಿರಲಿಲ್ಲ. ಸುಮ್ನೆ ಯಾಕೆ ಖರ್ಚು, ಸೀಸನ್ ಮುಗಿಯಲಿ ಅಂದುಕೊಂಡರು. ದೀಪದ ಮೇಲೊಂದು ಸ್ಟಿಕರ್ ಅಂಟಿಸಿದ್ದರು, ನಾನೇ ಕಿತ್ತು ನೋಡಿದೆ! ಮುಂದಿನ ತಿಂಗಳು ಇನ್ನೊಂದು ಡಿಸ್ಕ್ ಹೋಯಿತು. ಹೋದದ್ದು ಎರಡು ಡಿಸ್ಕ್‌ನ ಫೋಟೊ ಮಾತ್ರವಲ್ಲ, ಪೂರ್ತಿ 12 ಟಿಬಿ. ಯಾಕೆಂದರೆ ಒಂದೊಂದು ಫೋಟೊವೂ ಚೂರು ಚೂರಾಗಿ ಎಲ್ಲ ಡಿಸ್ಕ್‌ಗಳಲ್ಲಿ ಹಂಚಿಕೊಂಡಿರುತ್ತದೆ. ಉಳಿದ ಎರಡು ಚೆನ್ನಾಗಿಯೇ ಇದ್ದವು, ಆದರೆ ಅವುಗಳಲ್ಲಿದ್ದದ್ದು ಬರೀ ಚೂರು. ಆಲ್ಬಂ ಕೊಡಬೇಕಿದ್ದ ಮನೆಗಳಿಗೆ ಏನು ಹೇಳುವುದು ಹೇಳಿ?

ದಯವಿಟ್ಟು ಸದ್ದು ಆಫ್ ಮಾಡಬೇಡಿ. ಅವತ್ತೇ ಬದಲಾಯಿಸಿ. ಹೊಸ ಡಿಸ್ಕ್ ಹಾಕಿದ ತಕ್ಷಣ ಎಲ್ಲ ಸರಿಹೋಗುವುದಿಲ್ಲ. ಸೆಕೆಂಡಿಗೆ 150 ಎಂಬಿ ಬರೆದರೂ 4 ಟಿಬಿ ತುಂಬಲು ಸುಮಾರು ಏಳೂವರೆ ಗಂಟೆ ಬೇಕು. ನಡುವೆ ನೀವು ಕೆಲಸವನ್ನೂ ಮಾಡುತ್ತಿದ್ದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತೂ ಹಳೆಯ ಮೂರು ಡಿಸ್ಕ್ ಮೊದಲಿಂದ ಕೊನೆಯವರೆಗೆ ಓದಿಸಿಕೊಳ್ಳಬೇಕು. ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕ್‌ಗಳು ಅವು, ಇನ್ನೊಂದೂ ಆಗಲೇ ಕೈಕೊಡಬಹುದು. ಅದಕ್ಕೇ ಅದೇ ಅಳತೆಯ ಒಂದು ಡಿಸ್ಕ್ ಈಗಲೇ ತಂದು ಕಪಾಟಿನಲ್ಲಿಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಾನು ಇಲ್ಲಿಯವರೆಗೆ ಹೇಳಿದ್ದು ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುವ ರೇಡ್, ಬೇರೆ ಬಗೆಗಳೂ ಇವೆ. ಎರಡು ಡಿಸ್ಕ್ ಹೋದರೂ ತಡೆಯುವ ಏರ್ಪಾಡು ರೇಡ್ ಆರು. ನಾಲ್ಕು ಡಿಸ್ಕ್‌ನಲ್ಲಿ 8 ಟಿಬಿ ಸಿಗುತ್ತದೆ. ರೇಡ್ ಸೊನ್ನೆ ಪೂರ್ತಿ 16 ಕೊಡುತ್ತದೆ, ಒಂದು ಕೆಟ್ಟರೂ ಎಲ್ಲ ಹೋಗುತ್ತದೆ, ಅದರ ತಂಟೆಗೆ ಹೋಗಬೇಡಿ. ಕೈತಪ್ಪಿ ಅಳಿಸಿದ ಫೋಟೊವನ್ನು ಯಾವ ರೇಡೂ ವಾಪಸ್ ಕೊಡುವುದಿಲ್ಲ, ಅದಕ್ಕೆ ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿ ಇರಬೇಕು. ಇವತ್ತು ಅಂಗಡಿ ಬಾಗಿಲು ಹಾಕುವ ಮುಂಚೆ ಬಗ್ಗಿ ಆ ನಾಲ್ಕು ದೀಪ ನೋಡಿ. ನಮಸ್ಕಾರ.